ಕಣ್ಣಿಗೆ ಕಾಣುವ ಹೊತ್ತು

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿ, ಸಂಖದ ಕಡೆ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಈ ತಾಲೂಕಿನಲ್ಲಿವೆ. ಪಟಸಂಖ್ಯೆ ಕಡಿಮೆಯಿರುವ ಶಾಲೆಯಲ್ಲಿ ಒಬ್ಬರೇ ಗುರುಗಳು ಎರಡು ಮೂರು ಇಯತ್ತೆಗಳನ್ನು ಸಂಭಾಳಿಸಬೇಕಾಗುತ್ತದೆ. ಒಂದು ಇಯತ್ತೆಗೆ ಪಾಠ ನಡೆದಾಗ ಉಳಿದ ಮಕ್ಕಳು ತಾವೇ ಲೆಕ್ಕ ಮಾಡುತ್ತ ಕೂರಬೇಕು. ಗಮನ ನಿಲ್ಲದ, ಬೇಗ ಗಾಬರಿಯಾಗುವ ಮಗುವಿಗೆ ಈ ಹೊತ್ತೇ ಕಠಿಣ. ಆ ಮಗುವಿಗೆ ದುಬಾರಿ ಟ್ಯಾಬ್ಲೆಟ್ಟಿಗಿಂತ ಮೊದಲು ಕೊಡಬೇಕಾದದ್ದು ಹೊತ್ತನ್ನು ಕಣ್ಣಿಗೆ ಕಾಣಿಸುವ ಗಡಿಯಾರ ಎಂಬುದು ನನ್ನ ವಾದ.

ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯ ಪ್ರಕಾರ ಸುಮಾರು ಶೇ. 5ರಷ್ಟು ಮಕ್ಕಳಲ್ಲಿ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇದೆ. ಇಂಥ ಮಕ್ಕಳು ಕಾಲಾವಧಿಯನ್ನು ಅಂದಾಜು ಮಾಡುವಾಗ ಉಳಿದವರಿಗಿಂತ ಹೆಚ್ಚು ತಪ್ಪುತ್ತಾರೆ ಎಂದು ಪ್ರಯೋಗಗಳು ತೋರಿಸಿವೆ. ‘ಇನ್ನು ಇಪ್ಪತ್ತು ನಿಮಿಷ’ ಎಂಬ ಮಾತು ಅವರ ನೆನಪಿನಲ್ಲಿ ನಿಲ್ಲುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಜ್ಯಾನ್ ರೋಜರ್ಸ್ ರೂಪಿಸಿದ ‘ಟೈಮ್ ಟೈಮರ್’ ಎಂಬ ಗಡಿಯಾರ ನೆನಪಿನ ಈ ಭಾರವನ್ನು ಕಣ್ಣಿಗೆ ವರ್ಗಾಯಿಸುತ್ತದೆ. 60 ನಿಮಿಷದ ಮುಖದ ಮೇಲೆ 20 ನಿಮಿಷಕ್ಕೆ ತಿರುಗಿಸಿಟ್ಟರೆ ವೃತ್ತದ ಮೂರನೇ ಒಂದು ಪಾಲು ಕೆಂಪಾಗುತ್ತದೆ; ಹೊತ್ತು ಸರಿದಂತೆ ಕೆಂಪು ಸವೆಯುತ್ತ ಬರುತ್ತದೆ. ಅಂಕಿ ಓದಲು ಬಾರದ ಮಗುವಿಗೂ ಎಷ್ಟು ಉಳಿಯಿತೆಂದು ತಿಳಿಯುತ್ತದೆ. ನಮ್ಮ ಹಿರಿಯರ ಗಳಿಗೆ ಬಟ್ಟಲಿನ ತತ್ವವೂ ಇದೇ: ತಳದ ಸಣ್ಣ ತೂತಿನಿಂದ ನೀರು ತುಂಬಿ 24 ನಿಮಿಷಕ್ಕೆ ಬಟ್ಟಲು ಮುಳುಗುತ್ತಿತ್ತು.

ಗಡಿಯಾರ ಎದುರಿಗಿದ್ದರೆ ಅಂಜುವ ಮಗು ಇನ್ನಷ್ಟು ಅಂಜೀತು ಎನ್ನುವವರಿದ್ದಾರೆ. ಪರೀಕ್ಷೆಗೆ, ಪೈಪೋಟಿಗೆ ಬಳಸಿದರೆ ಅದು ನಿಜ. ಆದರೆ ಆತಂಕಕ್ಕೆ ದೊಡ್ಡ ಮೇವು ಮುಂದೇನೆಂದು ತಿಳಿಯದಿರುವುದು. ಕೆಲಸ ಯಾವಾಗ ಮುಗಿಯುತ್ತದೆ, ಮುಗಿದ ಮೇಲೆ ಏನು ಎಂಬುದನ್ನು ಗಡಿಯಾರದ ಪಕ್ಕ ಚಿತ್ರದಲ್ಲಿ ತೋರಿಸಿದರೆ ಆ ಅನಿಶ್ಚಿತತೆ ಕಡಿಮೆಯಾಗುತ್ತದೆ. ಮಗು ಗಡಿಯಾರಕ್ಕೇ ಜೋತುಬೀಳುತ್ತದೆ ಎಂಬ ಆಕ್ಷೇಪಕ್ಕೂ ದಾರಿಯಿದೆ: ನೋಡುವ ಮುನ್ನ ಎಷ್ಟು ಉಳಿದಿರಬಹುದೆಂದು ಕೇಳಿ, ಅಂದಾಜು ಪಳಗಿದಂತೆ ಬಳಕೆ ತಗ್ಗಿಸಬೇಕು.

ಈ ಗಡಿಯಾರ ಚಿಕಿತ್ಸೆಯಲ್ಲ, ತೊಂದರೆ ಮುಂದುವರಿದರೆ ವೈದ್ಯರ ತಪಾಸಣೆ ಬೇಕೇ ಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇರುವ ಮಗು ಪಾಠ ತಿಳಿಯದೆ ಅತ್ತಿತ್ತ ನೋಡಿದರೆ ಅದನ್ನು ಎಡಿಎಚ್‌ಡಿ ಎನ್ನಲೂಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಆದ್ದರಿಂದ ಪ್ರಮಾಣಪತ್ರ ಬಂದ ಮೇಲೆ ನೆರವು ಎನ್ನುತ್ತ ಕೂತರೆ ಎಷ್ಟೋ ಮಕ್ಕಳ ವರ್ಷಗಳು ಕಳೆದುಹೋಗುತ್ತವೆ. ಇಡೀ ವರ್ಗಕ್ಕೆ ಕಾಣುವಂತೆ ಇಟ್ಟ ಗಡಿಯಾರಕ್ಕೆ ಯಾವ ಪತ್ರವೂ ಬೇಡ, ಯಾವ ಮಗುವನ್ನೂ ಬೇರೆಯೆಂದು ಬೊಟ್ಟು ಮಾಡಬೇಕಿಲ್ಲ. ಅದನ್ನು ಈ ವರ್ಷವೇ ಶುರುಮಾಡಬಹುದು.