ಹೊಸ ಸ್ಪೋರ್ಟ್ಸ್ ಕಾರಿನ ಖರೀದಿ: ಬೆಲೆಪಟ್ಟಿಯಲ್ಲಿ ಕಾಣದ ವೆಚ್ಚಗಳು

ವ್ಯವಹಾರ ಕುದುರಿ, ಸಾಲಸೋಲಗಳು ತೀರಿ, ಕೈಯಲ್ಲಿ ನಾಲ್ಕು ಕಾಸು ಉಳಿದ ಮೇಲೆ ಒಳ್ಳೆಯ ವಾಹನವೊಂದನ್ನು ಹೊಂದಬೇಕೆಂಬ ಅಪೇಕ್ಷೆ ಉದ್ಯಮಿಗಳಲ್ಲಿ ಮೂಡುವುದು ಸಹಜ. ಕೆಲವರಲ್ಲಿ ಆ ಅಪೇಕ್ಷೆ ಸ್ಪೋರ್ಟ್ಸ್ ಕಾರಿನತ್ತ ಹೊರಳುತ್ತದೆ. ಅದರಲ್ಲೂ ಈಗಷ್ಟೇ ಬಿಡುಗಡೆಯಾದ ಮಾದರಿಯನ್ನು ಊರಿಗೆ ಮೊದಲು ತಂದವರು ತಾವಾಗಬೇಕೆಂಬ ಹಂಬಲವೂ ಇರುತ್ತದೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ಹತ್ತು ಲಕ್ಷ ರೂಪಾಯಿಯ ಲೇತ್ ಯಂತ್ರ ಕೊಳ್ಳುವ ಮುನ್ನ ನಾಲ್ಕು ಕಾರ್ಖಾನೆಗಳಲ್ಲಿ ವಿಚಾರಿಸಿ ಬರುವ ಉದ್ಯಮಿಯೇ, ಅದರ ಹತ್ತು ಪಟ್ಟು ಬೆಲೆಯ ಕಾರನ್ನು ಮಳಿಗೆಯಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಕಾಯ್ದಿರಿಸಿ ಬರುವುದುಂಟು. ವೇಗ, ಶಕ್ತಿ, ಬಣ್ಣಗಳ ವಿಚಾರಣೆ ನಡೆಯುತ್ತದೆಯೇ ಹೊರತು ವಿಶ್ವಾಸಾರ್ಹತೆಯ ವಿಚಾರಣೆ ನಡೆಯುವುದಿಲ್ಲ. ಹೊಸ ಮಾದರಿಯ ಮೊದಲ ವರ್ಷದ ಕಾರು ಕೆಟ್ಟು ನಿಂತಾಗ ದುರಸ್ತಿಯ ಖರ್ಚನ್ನು ತಯಾರಕರು ಭರಿಸಬಹುದು. ಕಳೆದುಹೋದ ಕಾಲದ ಖರ್ಚು ಮಾತ್ರ ಖರೀದಿದಾರರ ಖಾತೆಗೇ ಬೀಳುತ್ತದೆ. ಈ ಖರ್ಚು ಎಲ್ಲಿಂದ ಹುಟ್ಟುತ್ತದೆ, ಅದನ್ನು ತಗ್ಗಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

785 ಕಾರುಗಳು, ಒಂದು ಬೋಲ್ಟ್ ಜೋಡಣೆ

ಜರ್ಮನಿಯ ಪೋರ್ಷೆ ಸಂಸ್ಥೆಯು 2013ರ ಮಾರ್ಚ್ ತಿಂಗಳಲ್ಲಿ ಜಿನೀವಾ ವಾಹನ ಪ್ರದರ್ಶನದಲ್ಲಿ ಹೊಸ 911 ಜಿಟಿ3 ಕಾರನ್ನು ಅನಾವರಣಗೊಳಿಸಿತು. ಹಿಂದಿನ ಪೀಳಿಗೆಯ ಜಿಟಿ3 ಕಾರುಗಳಲ್ಲಿದ್ದ, ರೇಸಿಂಗ್ ಕಣದಲ್ಲಿ ಪಳಗಿದ್ದ ಎಂಜಿನ್ನಿನ ಸ್ಥಾನದಲ್ಲಿ ಈ ಬಾರಿ ಬೇರೆಯೇ ಎಂಜಿನ್ ಬಂದಿತ್ತು. ಅದರ ಗಾತ್ರ 3.8 ಲೀಟರ್, ಶಕ್ತಿ 475 ಅಶ್ವಶಕ್ತಿ, ಗರಿಷ್ಠ ವೇಗ ನಿಮಿಷಕ್ಕೆ 9,000 ಸುತ್ತು.

ಗ್ರಾಹಕರ ಕೈಗೆ ಕಾರುಗಳು ಸೇರಿದ ಕೆಲವೇ ತಿಂಗಳುಗಳಲ್ಲಿ ಯೂರೋಪಿನಲ್ಲಿ ಎರಡು ಕಾರುಗಳ ಎಂಜಿನ್ನಿಗೆ ಬೆಂಕಿ ಹತ್ತಿಕೊಂಡಿತು. 2014ರ ಫೆಬ್ರವರಿಯಲ್ಲಿ ಸಂಸ್ಥೆಯು ವಿತರಣೆಯನ್ನು ನಿಲ್ಲಿಸಿ, 2014ರ ಮಾದರಿಯ ಎಲ್ಲ 785 ಕಾರುಗಳ ಮಾಲೀಕರಿಗೂ ಕಾರನ್ನು ಚಲಾಯಿಸದಂತೆ ಸೂಚಿಸಿತು. ಮರು ತಿಂಗಳು ತನಿಖೆಯ ಫಲಿತಾಂಶ ಹೊರಬಿತ್ತು. ಕನೆಕ್ಟಿಂಗ್ ರಾಡಿನ ಬೋಲ್ಟ್ ಜೋಡಣೆಯೊಂದು ಸಡಿಲಗೊಂಡು, ರಾಡು ಕ್ರ್ಯಾಂಕ್‌ಕೇಸಿಗೆ ಬಡಿದು ಅದನ್ನು ಒಡೆದಿತ್ತು; ಸೋರಿದ ಎಣ್ಣೆಗೆ ಬೆಂಕಿ ತಗುಲಿತ್ತು. ಸಂಸ್ಥೆಯು 785 ಕಾರುಗಳಿಗೂ ಹೊಸ ಎಂಜಿನ್ ಜೋಡಿಸಿಕೊಡುವ ನಿರ್ಧಾರ ಕೈಗೊಂಡಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಕವಾಟಗಳನ್ನು ಚಾಲಿಸುವ ಭಾಗಗಳ ಸವೆತದ ದೂರುಗಳು ನಂತರ ಕೇಳಿಬಂದ ಕಾರಣ, ಅಮೆರಿಕದಲ್ಲಿ ಈ ಪೀಳಿಗೆಯ ಎಂಜಿನ್ನುಗಳ ವಾರಂಟಿಯನ್ನು 2017ರಲ್ಲಿ 10 ವರ್ಷ ಅಥವಾ 1,20,000 ಮೈಲಿಗಳವರೆಗೆ ವಿಸ್ತರಿಸಲಾಯಿತು.

ಇಟಲಿಯ ಫೆರಾರಿ ಸಂಸ್ಥೆಯ 458 ಇಟಾಲಿಯಾ ಕಾರಿನ ಉದಾಹರಣೆಯೂ ಇದೇ ಬಗೆಯದು. 2009ರಲ್ಲಿ ಪ್ರಕಟವಾದ ಈ ಮಾದರಿಯ ಕೆಲವು ಕಾರುಗಳು 2010ರಲ್ಲಿ ಬೆಂಕಿಗೆ ಆಹುತಿಯಾದವು. ಇಲ್ಲಿ ದೋಷವಿದ್ದುದು ಎಂಜಿನ್ನಿನಲ್ಲಲ್ಲ, ಹಿಂದಿನ ಚಕ್ರಗಳ ಕಮಾನಿನಲ್ಲಿ ಬಳಸಿದ್ದ ಅಂಟಿನಲ್ಲಿ. ಅದು ವಿಪರೀತ ಶಾಖಕ್ಕೆ ಸಿಲುಕಿ ಹೊತ್ತಿಕೊಳ್ಳುವ ಸಂಭವವಿತ್ತು. 1,248 ಕಾರುಗಳನ್ನು ಹಿಂದಕ್ಕೆ ಕರೆಸಿ, ಅಂಟಿನ ಬದಲು ಲೋಹದ ಬಂಧಕಗಳನ್ನು ಅಳವಡಿಸಲಾಯಿತು.

ಒಂದು ಕಡೆ ಬೋಲ್ಟು, ಇನ್ನೊಂದು ಕಡೆ ಅಂಟು. ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟಿ ಬೆಲೆಯ ವಸ್ತುವಿನ ಮರ್ಯಾದೆ ಎಷ್ಟೋ ಬಾರಿ ನೂರು ರೂಪಾಯಿಯ ಭಾಗದ ಮೇಲೆ ನಿಂತಿರುತ್ತದೆ.

ಹೊಸತರಲ್ಲಿ ದೋಷ ಏಕೆ?

ಯಾವುದೇ ಯಂತ್ರಸಮೂಹದಲ್ಲಿ ವೈಫಲ್ಯಗಳು ಆರಂಭದಲ್ಲಿ ಹೆಚ್ಚಾಗಿದ್ದು, ನಡುವಿನ ಅವಧಿಯಲ್ಲಿ ಇಳಿದು, ಸವೆತ ಕಾಣಿಸಿಕೊಂಡಾಗ ಮತ್ತೆ ಏರುತ್ತವೆ ಎಂಬುದು ಗುಣಮಟ್ಟ ಶಾಸ್ತ್ರದಲ್ಲಿ ಚಿರಪರಿಚಿತವಾದ ವಿಷಯ. ಪರೀಕ್ಷಾ ಕಾರುಗಳನ್ನು ನುರಿತ ಕೈಗಳು ನಿಧಾನವಾಗಿ ಜೋಡಿಸಿರುತ್ತವೆ. ಸರಣಿ ಉತ್ಪಾದನೆ ಆರಂಭವಾದಾಗ ಬಿಡಿಭಾಗಗಳ ಹೊಸ ತಂಡಗಳು, ಹೊಸ ಅಚ್ಚುಗಳು, ಹೊಸ ಕೆಲಸಗಾರರು ಒಟ್ಟಿಗೆ ಬರುತ್ತಾರೆ. ಪರೀಕ್ಷೆಯಲ್ಲಿ ಕಾಣದ ಲೋಪಗಳು ಆಗ ತಲೆದೋರುತ್ತವೆ.

ಸ್ಪೋರ್ಟ್ಸ್ ಕಾರುಗಳಲ್ಲಿ ಇದರ ಜೊತೆಗೆ ಎರಡು ಅಂಶಗಳು ಸೇರುತ್ತವೆ. ಮೊದಲನೆಯದು, ಅವುಗಳ ಭಾಗಗಳು ತಮ್ಮ ಶಕ್ತಿಯ ಮಿತಿಗೆ ಅತಿ ಸಮೀಪದಲ್ಲಿ ಕೆಲಸ ಮಾಡುತ್ತವೆ. ಎರಡನೆಯದು, ಅವುಗಳ ಮಾರಾಟದ ಸಂಖ್ಯೆ ಅಲ್ಪ. ಲಕ್ಷಗಟ್ಟಲೆ ಮಾರಾಟವಾಗುವ ಸಾಮಾನ್ಯ ಕಾರಿನ ದೋಷ ಕೆಲವೇ ತಿಂಗಳುಗಳಲ್ಲಿ ಬಯಲಾಗುತ್ತದೆ. ಕೆಲವು ನೂರು ಮಾತ್ರ ಮಾರಾಟವಾದ, ಅದೂ ಭಾನುವಾರಗಳಲ್ಲಷ್ಟೇ ರಸ್ತೆಗಿಳಿಯುವ ಕಾರಿನ ದೋಷ ಬಯಲಾಗಲು ವರ್ಷಗಳೇ ಬೇಕಾಗಬಹುದು.

ಹಾಗೆಂದು ಹೊಸ ಮಾದರಿಗಳೆಲ್ಲವೂ ಅಪಾಯಕಾರಿ ಎನ್ನಲಾಗದು. ಜಪಾನಿನ ಮಜ್ದಾ ಸಂಸ್ಥೆಯು 1989ರಲ್ಲಿ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ಬಿಡುಗಡೆ ಮಾಡಿದಾಗ, ತನ್ನ 323 ಶ್ರೇಣಿಯ ಕಾರುಗಳಲ್ಲಿ ಅದಾಗಲೇ ದುಡಿದಿದ್ದ 1.6 ಲೀಟರ್ ಎಂಜಿನ್ನಿನ ಕುಟುಂಬವನ್ನೇ ಅದಕ್ಕೆ ಬಳಸಿಕೊಂಡಿತು. 2019ರಲ್ಲಿ ಬಂದ ಟೊಯೋಟಾ ಸುಪ್ರಾ ಕಾರಿನ ಆರು ಸಿಲಿಂಡರಿನ ಎಂಜಿನ್, ಬಿಎಂಡಬ್ಲ್ಯು ಕಾರುಗಳಲ್ಲಿ 2015ರಿಂದಲೇ ಬಳಕೆಯಲ್ಲಿದ್ದುದು. ಇದಕ್ಕೆ ವ್ಯತಿರಿಕ್ತವಾಗಿ, ಅದೇ ಮಜ್ದಾ ಸಂಸ್ಥೆಯು 2003ರಲ್ಲಿ ತಂದ ಆರ್‌ಎಕ್ಸ್-8 ಕಾರಿನಲ್ಲಿ ಹೊಸ ವಿನ್ಯಾಸದ ರೋಟರಿ ಎಂಜಿನ್ ಇತ್ತು. 2008ರಲ್ಲಿ ಅಮೆರಿಕದಲ್ಲಿ ಆ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಗಳಿಗೆ ಹೆಚ್ಚಿಸಬೇಕಾಯಿತು. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಕಾರು ಹೊಸದೇ?" ಎಂಬುದಲ್ಲ, "ಕಾರಿನಲ್ಲಿ ಯಾವ ಭಾಗಗಳು ಹೊಸವು?" ಎಂಬುದು.

ತಯಾರಕರ ಬಲಾಬಲ

ವಾರಂಟಿಯ ಕಾಗದಕ್ಕೆ ಅದನ್ನು ನೀಡಿದ ಸಂಸ್ಥೆಯ ಆರ್ಥಿಕ ಬಲದಷ್ಟೇ ಬೆಲೆ. 785 ಎಂಜಿನ್ನುಗಳನ್ನು ಬದಲಿಸುವ ಶಕ್ತಿ ಪೋರ್ಷೆ ಸಂಸ್ಥೆಗಿತ್ತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಸಮೀಪದ ಡನ್‌ಮರಿಯಲ್ಲಿ 1981ರಲ್ಲಿ ಉತ್ಪಾದನೆ ಆರಂಭಿಸಿದ ಡಿಲೋರಿಯನ್ ಸಂಸ್ಥೆಯ ಸ್ಥಿತಿ ಹಾಗಿರಲಿಲ್ಲ. ಹೊಸ ಕಾರ್ಖಾನೆ, ಹೊಸ ಕೆಲಸಗಾರರು, ಹೊಸ ವಿನ್ಯಾಸ ಮೂರೂ ಒಟ್ಟಿಗೆ ಕೂಡಿದ್ದವು. ಆರಂಭದ ಕಾರುಗಳ ಜೋಡಣೆಯ ಲೋಪಗಳನ್ನು ಅಮೆರಿಕಕ್ಕೆ ತಲುಪಿದ ಮೇಲೆ ಸರಿಪಡಿಸಬೇಕಾಗಿ ಬಂತು. ಬ್ರಿಟಿಷ್ ಸರ್ಕಾರದ ಧಾರಾಳ ನೆರವಿದ್ದರೂ 1982ರ ಫೆಬ್ರವರಿಯಲ್ಲಿ ಸಂಸ್ಥೆಯ ಆಡಳಿತ ರಿಸೀವರುಗಳ ಕೈಗೆ ಹೋಯಿತು. ಅದೇ ವರ್ಷ ಕಾರ್ಖಾನೆಯೂ ಮುಚ್ಚಿತು. ತಯಾರಾಗಿದ್ದ ಸುಮಾರು 9,000 ಕಾರುಗಳಿಗೆ ತಯಾರಕರೇ ಇಲ್ಲದಂತಾಯಿತು. ಹೊಸ ಸಂಸ್ಥೆಯ ಹೊಸ ಕಾರನ್ನು ಕೊಳ್ಳುವವರು ಕಾರಿನ ಜೊತೆಗೆ ಆ ಸಂಸ್ಥೆಯ ಅಢಾವೆ ಪತ್ರಿಕೆಯನ್ನೂ ಒಮ್ಮೆ ನೋಡುವುದು ಲೇಸು.

ಲೆಕ್ಕಪತ್ರದ ದೃಷ್ಟಿಯಿಂದ

ಒಂದು ಊಹಾತ್ಮಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಕಾರಿನ ಬೆಲೆ 1 ಕೋಟಿ ರೂಪಾಯಿ. ಅದರಲ್ಲಿ 80 ಲಕ್ಷ ಬ್ಯಾಂಕ್ ಸಾಲ. ಬಡ್ಡಿ ಶೇಕಡಾ 9. ಅವಧಿ 5 ವರ್ಷ. ಮಾಸಿಕ ಕಂತು ಸುಮಾರು 1,66,000 ರೂಪಾಯಿ ಆಗುತ್ತದೆ. ವಿದೇಶದಿಂದ ಬಿಡಿಭಾಗ ಬರಬೇಕೆಂದು ಕಾರು ಮೂರು ತಿಂಗಳು ಸರ್ವಿಸ್ ಕೇಂದ್ರದಲ್ಲಿ ನಿಂತರೆ, ದುರಸ್ತಿ ಉಚಿತವೇ ಆದರೂ, ಬಳಸದ ಕಾರಿಗೆ ಸುಮಾರು 5 ಲಕ್ಷ ರೂಪಾಯಿ ಕಂತು ಕಟ್ಟಿದಂತಾಗುತ್ತದೆ. ಇದರೊಡನೆ ಗಮನಿಸಬೇಕಾದ ಅಂಶಗಳು ಹೀಗಿವೆ:

1. ಆಜೀವ ತೆರಿಗೆ: ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ಕಾರಿಗೆ ಶೇಕಡಾ 18ರ ದರದಲ್ಲಿ ಆಜೀವ ತೆರಿಗೆ ಸಲ್ಲಬೇಕು, ಉಪಕರ ಬೇರೆ. ಮೇಲಿನ ಕಾರಿಗೆ ತೆರಿಗೆಯೇ 18 ಲಕ್ಷ. ಕಾರು ನಿಂತ ದಿನಗಳಿಗೆ ಇದರಲ್ಲಿ ರಿಯಾಯಿತಿ ಇಲ್ಲ.

2. ಜಿ.ಎಸ್.ಟಿ.: ಚಾಲಕರೂ ಸೇರಿ 13 ಮಂದಿಗಿಂತ ಹೆಚ್ಚಿನ ಆಸನವಿಲ್ಲದ ಪ್ರಯಾಣಿಕ ವಾಹನಗಳಿಗೆ ತೆತ್ತ ತೆರಿಗೆಯ ಹೂಡುವಳಿ ಜಮೆಯು, ಕೆಲವು ವಿನಾಯಿತಿಗಳನ್ನುಳಿದು, 17(5)ನೇ ಕಲಮಿನನ್ವಯ ದೊರೆಯುವುದಿಲ್ಲ. ಇಂತಹ ವಾಹನದ ವಿಮೆ, ದುರಸ್ತಿ, ನಿರ್ವಹಣೆಗಳಿಗೂ ಇದೇ ನಿರ್ಬಂಧ ಅನ್ವಯಿಸುತ್ತದೆ. ವಾರಂಟಿ ಮುಗಿದ ಮೇಲಿನ ದುರಸ್ತಿ ಬಿಲ್ಲು ತೆರಿಗೆಯೂ ಸೇರಿ ಪೂರ್ಣವಾಗಿ ವೆಚ್ಚವೇ.

3. ಸವಕಳಿ: ಆದಾಯ ತೆರಿಗೆಯಲ್ಲಿ ಮೋಟಾರು ಕಾರಿನ ಸವಕಳಿ ದರ ಶೇಕಡಾ 15. ಖರೀದಿಸಿದ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಇದರ ಅರ್ಧ ಮಾತ್ರ ದೊರೆಯುತ್ತದೆ. ಸ್ವಂತ ಬಳಕೆಯ ಪಾಲನ್ನು ಅಧಿಕಾರಿಗಳು ತಳ್ಳಿಹಾಕಬಹುದು. ಆದರೆ ಹೊಸ ಮಾದರಿಗೆ ದೋಷದ ಅಪಖ್ಯಾತಿ ಅಂಟಿದರೆ ಮಾರುಕಟ್ಟೆಯ ಮೌಲ್ಯ ಈ ಶೇಕಡಾವಾರಿಗಾಗಿ ಕಾಯದೆ ಕುಸಿಯುತ್ತದೆ.

4. ವಿಮೆ: ಸಾಮಾನ್ಯ ಸಮಗ್ರ ಪಾಲಿಸಿಯು ಅಪಘಾತ, ಬೆಂಕಿ, ಕಳವುಗಳನ್ನು ಒಳಗೊಳ್ಳುತ್ತದೆ, ಯಾಂತ್ರಿಕ ಹಾಗೂ ವಿದ್ಯುತ್ ವೈಫಲ್ಯಗಳನ್ನು ಒಳಗೊಳ್ಳುವುದಿಲ್ಲ. ವಾಹನದ ವಿಮಾ ಮೌಲ್ಯವೂ ಆರು ತಿಂಗಳು ಕಳೆದೊಡನೆ ಶೇಕಡಾ 15ರಷ್ಟು, ವರ್ಷ ಕಳೆದೊಡನೆ ಶೇಕಡಾ 20ರಷ್ಟು ಇಳಿಯುತ್ತದೆ. ಖರೀದಿ ಬಿಲ್ಲಿನ ಪೂರ್ಣ ಮೊತ್ತ ಕೊಡುವ ಹೆಚ್ಚುವರಿ ರಕ್ಷಣೆಯನ್ನೂ, ಮಳೆನೀರಿನಿಂದ ಎಂಜಿನ್ನಿಗೆ ಆಗುವ ಹಾನಿಯ ರಕ್ಷಣೆಯನ್ನೂ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ಕಾನೂನಿನ ಆಸರೆ

ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಮಿನಡಿ ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಆದರೆ ದೋಷವು ಪರಿಸರಕ್ಕೆ ಇಲ್ಲವೇ ಪ್ರಯಾಣಿಕರ ಮತ್ತು ರಸ್ತೆ ಬಳಕೆದಾರರ ಸುರಕ್ಷತೆಗೆ ಧಕ್ಕೆ ತರುವಂಥದ್ದಾಗಿರಬೇಕು. ಪದೇ ಪದೇ ಕೈಕೊಡುವ ಪರದೆಗೋ, ಸದ್ದು ಮಾಡುವ ಗೇರುಪೆಟ್ಟಿಗೆಗೋ ಇದು ನೆರವಾಗದು.

ಅಂತಹ ದೋಷಗಳಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಆಸರೆ. ದೋಷ ಕಂಡ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ತೆತ್ತ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗಿದ್ದರೆ ರಾಜ್ಯ ಆಯೋಗ, ಅದಕ್ಕೂ ಮೀರಿದರೆ ರಾಷ್ಟ್ರೀಯ ಆಯೋಗಕ್ಕೆ ಹೋಗಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕರಲ್ಲ. ಕಂಪನಿಯ ಹೆಸರಿನಲ್ಲಿ, ಆದರೆ ನಿರ್ದೇಶಕರ ಸ್ವಂತ ಬಳಕೆಗೆ ಕೊಂಡ ಕಾರಿಗೆ ಈ ಅಪವಾದ ತಾನಾಗಿಯೇ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪಿತ್ತಿದೆ.

ಇಲ್ಲೊಂದು ಸೂಕ್ಷ್ಮವಿದೆ. ತೆರಿಗೆ ಲೆಕ್ಕದಲ್ಲಿ ಕಾರನ್ನು ಸಂಪೂರ್ಣ ವ್ಯವಹಾರದ ಬಳಕೆಗೆಂದು ತೋರಿಸಿ, ಗ್ರಾಹಕ ಆಯೋಗದ ಮುಂದೆ ಸ್ವಂತ ಬಳಕೆಗೆಂದು ವಾದಿಸಿದರೆ ಎರಡೂ ಕಡೆ ನೆಲೆ ತಪ್ಪುತ್ತದೆ. ಕಾರು ಯಾರ ಬಳಕೆಗೆಂಬುದನ್ನು ಖರೀದಿಗೆ ಮುನ್ನವೇ ಆಡಳಿತ ಮಂಡಳಿಯ ನಿರ್ಣಯದಲ್ಲಿ ಇದ್ದದ್ದು ಇದ್ದಂತೆ ದಾಖಲಿಸಿ, ಎಲ್ಲ ಕಡೆಯೂ ಅದನ್ನೇ ಪಾಲಿಸುವುದು ಕ್ಷೇಮ.

ಮುಂಗಡ ನೀಡುವ ಮುನ್ನ

1. ಎಂಜಿನ್, ಗೇರುಪೆಟ್ಟಿಗೆ, ವಿದ್ಯುನ್ಮಾನ ವ್ಯವಸ್ಥೆ ಇವುಗಳಲ್ಲಿ ಯಾವುದು ಹಿಂದಿನ ಮಾದರಿಗಳಲ್ಲಿ ಬಳಕೆಯಾಗಿದೆ, ಯಾವುದು ಹೊಸದು ಎಂದು ಪಟ್ಟಿ ಮಾಡಬೇಕು. ಮೂರೂ ಹೊಸವಾದರೆ ಒಂದು ವರ್ಷವಾದರೂ ಕಾಯುವುದು ವಿವೇಕ.

2. ಮಾದರಿಯು ವಿದೇಶದಲ್ಲಿ ಮೊದಲೇ ಬಿಡುಗಡೆಯಾಗಿದ್ದರೆ, ಅಲ್ಲಿ ಅದನ್ನು ಹಿಂದಕ್ಕೆ ಕರೆಸಿದ ಪ್ರಕಟಣೆಗಳಿವೆಯೇ, ತಮಗೆ ಬರುವ ಕಾರು ತಿದ್ದುಪಡಿಯ ನಂತರ ತಯಾರಾದುದೇ ಎಂಬುದನ್ನು ಚಾಸಿ ಸಂಖ್ಯೆಯ ಆಧಾರದ ಮೇಲೆ ಲಿಖಿತವಾಗಿ ಪಡೆಯಬೇಕು.

3. ವಾರಂಟಿಯ ಅಪವಾದಗಳನ್ನು ಓದಬೇಕು. ರೇಸ್ ಟ್ರ್ಯಾಕಿನ ಬಳಕೆ, ಹೊರಗಿನ ಮಾರ್ಪಾಡು, ಖಾಸಗಿಯಾಗಿ ಆಮದು ಮಾಡಿಕೊಂಡ ಕಾರು ಇವುಗಳಿಗೆ ವಾರಂಟಿ ಅನ್ವಯಿಸದಿರಬಹುದು.

4. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಆ ಎಂಜಿನ್ನಿಗೆ ಒಪ್ಪಿಗೆಯೇ, ಎಷ್ಟು ಆಕ್ಟೇನಿನ ಇಂಧನ ಬೇಕು, ಅದು ತಮ್ಮ ಊರಿನಲ್ಲಿ ದೊರೆಯುವುದೇ ಎಂದು ತಿಳಿಯಬೇಕು.

5. ಹತ್ತಿರದ ಅಧಿಕೃತ ಸರ್ವಿಸ್ ಕೇಂದ್ರ ಎಷ್ಟು ದೂರ? ಆ ಮಾದರಿಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಅಲ್ಲಿದ್ದಾರೆಯೇ? ಬಿಡಿಭಾಗಗಳ ದಾಸ್ತಾನು ಭಾರತದಲ್ಲಿದೆಯೇ?

6. ಕಾರು ನಿರ್ದಿಷ್ಟ ದಿನಗಳಿಗಿಂತ ಹೆಚ್ಚು ಕಾಲ ದುರಸ್ತಿಯಲ್ಲಿದ್ದರೆ ಬದಲಿ ವಾಹನ, ಮತ್ತು ನಿಂತಷ್ಟು ದಿನ ವಾರಂಟಿಯ ವಿಸ್ತರಣೆ: ಈ ಎರಡು ಷರತ್ತುಗಳನ್ನು ಮುಂಗಡಕ್ಕೆ ಮುನ್ನವೇ ಲಿಖಿತವಾಗಿ ಕೇಳಬೇಕು. ಹಣ ಕೈಸೇರಿದ ಮೇಲೆ ಡೀಲರರು ಇಂತಹ ಷರತ್ತಿಗೆ ಒಪ್ಪುವುದು ವಿರಳ.

7. ಪ್ರತಿಯೊಂದು ದೂರನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು. ಆಯೋಗದ ಮುಂದೆ ಮಾತಿಗಿಂತ ಕಾಗದಕ್ಕೆ ತೂಕ ಹೆಚ್ಚು.

ತಾಳಿದವನು ಬಾಳಿಯಾನು ಎಂಬ ಗಾದೆ ಹೊಸ ಕಾರಿನ ಖರೀದಿಗೂ ಸಲ್ಲುತ್ತದೆ. ಒಂದೆರಡು ವರ್ಷ ತಾಳಿದವರಿಗೆ ತಿದ್ದಿದ ಕಾರು ಸಿಗುತ್ತದೆ. ಆ ತಿದ್ದುಪಡಿಯ ಪ್ರಯೋಗಕ್ಕೆ ಒಳಗಾಗುವವರು ಮೊದಲು ಕೊಂಡವರು. ಆದರೂ ಮೊದಲಿಗರಾಗುವ ಸಂತೋಷವೇ ಬೇಕೆನ್ನುವವರು ಅದಕ್ಕೂ ಒಂದು ಬೆಲೆಯಿದೆಯೆಂದು ಅರಿತು, ಆ ಮೊತ್ತವನ್ನು ವ್ಯವಹಾರದ ದುಡಿಯುವ ಬಂಡವಾಳದಿಂದ ತೆಗೆಯದೆ, ಉಳಿತಾಯದಿಂದ ಪ್ರತ್ಯೇಕವಾಗಿ ತೆಗೆದಿಟ್ಟು ಮುಂದುವರಿಯುವುದು ಹಿತಕರ.