ಕಾರಿನ ಏ.ಸಿ. ನಿಂತರೆ ಮೊದಲು ವಯರು ನೋಡಿ

ನಮ್ಮ ಊರುಗಳಿಗೆ ಕಾರಿನಲ್ಲಿ ಏ.ಸಿ. ಯಾತಕ್ಕೆ, ಗಾಜು ಇಳಿಸಿದರೆ ಸಾಲದೇ ಎಂದು ಹಿರಿಯ ಸದಸ್ಯರು ಕೇಳುವುದುಂಟು. ಬೇಸಿಗೆಯ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಆಷಾಢದ ರಾತ್ರಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ, ಕಾರಿನೊಳಗೆ ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕುಳಿತಿದ್ದರೆ, ಎದುರಿನ ಗಾಜಿಗೆ ಒಳಗಿನಿಂದ ಮಬ್ಬು ಕಟ್ಟಿ ಮುಂದಿನ ತಿರುವು ಕಾಣುವುದಿಲ್ಲ. ಏ.ಸಿ. ಹಾಕಿದರೆ ಗಾಳಿಯ ತೇವವೆಲ್ಲ ಡ್ಯಾಷ್ ಬೋರ್ಡಿನ ಹಿಂದಿರುವ ತಣ್ಣನೆಯ ಸುರುಳಿಯ ಮೇಲೆ ನೀರಾಗಿ ಇಳಿದು ಕೊಳವೆಯಲ್ಲಿ ಹೊರಗೆ ತೊಟ್ಟಿಕ್ಕುತ್ತದೆ. ಒಣಗಾಳಿ ತಗುಲಿದ ಗಾಜು ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ. ಮಲೆನಾಡಿನವರಿಗೆ ಏ.ಸಿ. ಬೇಕಾಗಿರುವುದು ಮುಖ್ಯವಾಗಿ ಇದಕ್ಕೆ.

ಕಳೆದ ಮಳೆಗಾಲದಲ್ಲಿ ಸದಸ್ಯರೊಬ್ಬರ ಕಾರಿನ ಏ.ಸಿ. ನಿಂತಿತು. ಪೇಟೆಯ ರಿಪೇರಿ ಅಂಗಡಿಯಲ್ಲಿ ಕಂಪ್ರೆಸರ್ ಹೋಗಿದೆಯೆಂದು ೩೨ ಸಾವಿರದ ಅಂದಾಜು ಪಟ್ಟಿ ಕೊಟ್ಟರು. ಅಡಿಕೆಯ ಮೇಲೆ ಮುಂಗಡ ಕೇಳಲು ಅವರು ಸಂಘಕ್ಕೆ ಬಂದದ್ದರಿಂದ ವಿಷಯ ನನಗೆ ತಿಳಿಯಿತು. ಬಾನೆಟ್ಟು ಎತ್ತಿಸಿ ನೋಡಿದರೆ ಕಂಪ್ರೆಸರಿಗೆ ಹೋಗುವ ವಯರನ್ನು ಇಲಿ ಕಡಿದಿತ್ತು. ಗೋಟಡಿಕೆ ತುಂಬಿದ ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಲ್ಲಿಸುವ ನಮಗೆ ಇದು ಹೊಸದಲ್ಲ. ಗೇಣುದ್ದ ವಯರಿನಲ್ಲಿ ಕೆಲಸ ಮುಗಿಯಿತು. ಮುಂಗಡದ ಅರ್ಜಿ ಬರೆಯಬೇಕಾಗಲಿಲ್ಲ.

ಬಾವಿಯ ಪಂಪು ಓಡದಿದ್ದರೆ ನಾವು ಮೊದಲೇ ಮೋಟಾರನ್ನು ಮೇಲೆತ್ತುತ್ತೇವೆಯೇ? ಫ್ಯೂಸು ನೋಡುತ್ತೇವೆ, ಸ್ಟಾರ್ಟರ್ ನೋಡುತ್ತೇವೆ, ಆಮೇಲೆ ಮೋಟಾರು. ಇಲ್ಲಿಯೂ ಅದೇ ಕ್ರಮ.

ಎಂಜಿನ್ ಓಡುವಷ್ಟು ಹೊತ್ತೂ ಬೆಲ್ಟು ಕಂಪ್ರೆಸರಿನ ಪುಲ್ಲಿಯನ್ನು ತಿರುಗಿಸುತ್ತಲೇ ಇರುತ್ತದೆ. ಆದರೆ ಒಳಗಿನ ದಂಡ ತಿರುಗುವುದು ಕ್ಲಚ್ಚಿನ ಸುರುಳಿಗೆ ೧೨ ವೋಲ್ಟ್ ಬಂದು, ಅದು ಅಯಸ್ಕಾಂತವಾಗಿ ಮುಂದಿನ ತಟ್ಟೆಯನ್ನು ಪುಲ್ಲಿಗೆ ಎಳೆದುಕೊಂಡಾಗ ಮಾತ್ರ. ೧೯೪೦ರ ಮಾದರಿಯ ಪ್ಯಾಕಾರ್ಡ್ ಕಾರಿಗೆ ಅಮೆರಿಕದಲ್ಲಿ ಮೊದಲ ಬಾರಿಗೆ ಕಾರ್ಖಾನೆಯಲ್ಲೇ ಏ.ಸಿ. ಕೂರಿಸಿ ಕೊಟ್ಟಾಗ ಈ ಕ್ಲಚ್ಚು ಇರಲಿಲ್ಲ. ತಂಪು ಬೇಡವೆಂದರೆ ಎಂಜಿನ್ ನಿಲ್ಲಿಸಿ ಬೆಲ್ಟನ್ನೇ ಬಿಚ್ಚಬೇಕಿತ್ತಂತೆ!

ಪರೀಕ್ಷೆ ಇಲ್ಲಿಂದಲೇ ಆರಂಭವಾಗಲಿ. ಎಂಜಿನ್ ಓಡುತ್ತಿರಲಿ, ಬ್ಲೋವರ್ ಹಾಕಿ, ಒಬ್ಬರು ಒಳಗೆ ಕುಳಿತು ಏ.ಸಿ. ಗುಂಡಿ ಒತ್ತಲಿ, ಇನ್ನೊಬ್ಬರು ಬಾನೆಟ್ಟಿನ ಬಳಿ ಕಿವಿ ಕೊಡಲಿ. ಹೆಗಲ ಮೇಲಿನ ಟವಲನ್ನು ದೂರ ಇಟ್ಟು ಬನ್ನಿ. ಫ್ಯಾನು ಹೇಳದೆ ಕೇಳದೆ ತಿರುಗಲಾರಂಭಿಸುತ್ತದೆ. 'ಟಕ್' ಎಂಬ ಸದ್ದು ಬಂದು ಮುಂದಿನ ತಟ್ಟೆ ತಿರುಗಿದರೆ ಕ್ಲಚ್ಚಿಗೆ ವಿದ್ಯುತ್ತು ಬರುತ್ತಿದೆ ಎಂದರ್ಥ. ತಂಪಿಲ್ಲದಿದ್ದರೆ ಗ್ಯಾಸಿನ ಕಡೆ ನೋಡಬೇಕು. ಸದ್ದು ಬಾರದಿದ್ದರೆ ಮೊದಲು ಫ್ಯೂಸು. ಸುಟ್ಟಿದ್ದರೆ ಅದೇ ಆಂಪಿಯರಿನದನ್ನು ಹಾಕಿ. ಮತ್ತೆ ಸುಟ್ಟರೆ ಎಲ್ಲೋ ವಯರು ಮೈಗೆ ತಾಗುತ್ತಿದೆ ಅಥವಾ ಸುರುಳಿ ಒಳಗೇ ಕೂಡಿಕೊಂಡಿದೆ. ದಪ್ಪ ಫ್ಯೂಸು ಹಾಕಿದರೆ ಸುಡುವುದು ವಯರು, ಆಮೇಲೆ ಕಾರು.

ಫ್ಯೂಸಿನ ನಂತರ ರಿಲೇ. ಪಂಪಿನ ಸ್ಟಾರ್ಟರಿನ ಹಾಗೆ ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಾಯಿಸುವ ಪುಟ್ಟ ಪೆಟ್ಟಿಗೆ ಇದು. ಎಷ್ಟೋ ಕಾರುಗಳಲ್ಲಿ ಹಾರನ್ನಿನ ರಿಲೇಯೂ ಇದೇ ಮಾದರಿಯದು. ಮೇಲಿನ ಸಂಖ್ಯೆ ಹೋಲಿಸಿ ಅದಲು ಬದಲು ಮಾಡಿ ನೋಡಿದರೆ ಖರ್ಚಿಲ್ಲದೆ ಉತ್ತರ ಸಿಗುತ್ತದೆ.

ಇನ್ನು ಕ್ಲಚ್ಚಿನ ಕನೆಕ್ಟರ್. ಅಲ್ಲಿ ವಿದ್ಯುತ್ತು ಬರುತ್ತಿದ್ದು, ಅರ್ಥ್ ಸರಿಯಿದ್ದು, ತಟ್ಟೆ ಅಲುಗದಿದ್ದರೆ ಸುರುಳಿ ಹೋಗಿದೆ. ಕನೆಕ್ಟರ್ ಬಿಚ್ಚಿ ಅಳೆದರೆ ಒಳ್ಳೆಯ ಸುರುಳಿ ಸಾಮಾನ್ಯವಾಗಿ ೩ರಿಂದ ೫ ಓಮ್ ತೋರಿಸುತ್ತದೆ. ಒಂದು ಎಚ್ಚರಿಕೆ: ಮಲ್ಟಿಮೀಟರು ಕುಡಿಯುವ ಕರೆಂಟು ನಗಣ್ಯ. ಕಿಲುಬು ಹಿಡಿದು ಒಂದೇ ಎಳೆ ಉಳಿದ ವಯರಿನಲ್ಲೂ ಅದು ಪೂರ್ತಿ ೧೨ ವೋಲ್ಟ್ ತೋರಿಸಿ ನಮ್ಮನ್ನು ನಂಬಿಸುತ್ತದೆ. ಆದ್ದರಿಂದ ಕನೆಕ್ಟರ್ ಕೂಡಿಸಿಟ್ಟು, ಭಾರ ಹೊತ್ತಿರುವಾಗಲೇ ಅಳೆಯಬೇಕು. ಕ್ಲಚ್ಚಿನ ಮೈಗೂ ಬ್ಯಾಟರಿಯ ಋಣ ತುದಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ಕೆಟ್ಟಿದೆ. ನೂರಿಂಚಿಗೂ ಮೀರಿ ಮಳೆ ಬೀಳುವ ನಮ್ಮ ಕಡೆ ನಾನು ಮೊದಲು ಸಂಶಯಿಸುವುದು ಇದನ್ನೇ. ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರೆ ಸಾಕು.

ಬೆಳಿಗ್ಗೆ ತಂಪಾಗಿ, ಮಧ್ಯಾಹ್ನ ಎಂಜಿನ್ ಕಾದ ಮೇಲೆ ಏ.ಸಿ. ಬಿಟ್ಟುಬಿಡುವ ಕಾರುಗಳಿವೆ. ಬಿಸಿಯಾದ ತಾಮ್ರದ ಸುರುಳಿಯ ತಡೆ ಹೆಚ್ಚಿ ಅಯಸ್ಕಾಂತದ ಬಲ ಕುಂದುತ್ತದೆ. ತಟ್ಟೆ ಸವೆದು ಸಂದು ಅಗಲವಾಗಿದ್ದರೆ ಎಳೆದುಕೊಳ್ಳಲು ಶಕ್ತಿ ಸಾಲದು. ಸಂದು ಅರ್ಧ ಮಿಲಿಮೀಟರಿನ ಆಸುಪಾಸು ಇರಬೇಕು. ಎಷ್ಟೋ ಕಂಪ್ರೆಸರುಗಳಲ್ಲಿ ಒಳಗಿನ ತೆಳು ವಾಷರ್ ತೆಗೆದು ಸರಿಪಡಿಸಬಹುದು.

ಕ್ಲಚ್ಚಿಗೆ ವಿದ್ಯುತ್ತೇ ಬಾರದಿದ್ದರೆ ಪ್ರೆಷರ್ ಸ್ವಿಚ್ಚು ತಡೆದಿರಬಹುದು. ಗ್ಯಾಸು ಸೋರಿಹೋದರೆ ಅದು ತಾನಾಗಿ ಕಡಿದುಬಿಡುತ್ತದೆ. ಗ್ಯಾಸಿನ ಜೊತೆಗೇ ಎಣ್ಣೆ ಸುತ್ತುವುದರಿಂದ ಗ್ಯಾಸಿಲ್ಲದೆ ಓಡಿದ ಕಂಪ್ರೆಸರ್ ಹಿಡಿದುಕೊಳ್ಳುತ್ತದೆ. ಸ್ವಿಚ್ಚಿನ ಎರಡು ತುದಿ ಕೂಡಿಸಿ ಏ.ಸಿ. ಓಡಿಸಿಕೊಡುವ ಜಾಣರನ್ನು ನಂಬಬೇಡಿ. ಆಗ ೩೨ ಸಾವಿರದ ಪಟ್ಟಿ ನಿಜವಾಗುತ್ತದೆ.

ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ಓಡಿದರೆ ರೆಸಿಸ್ಟರ್ ಸುಟ್ಟಿದೆ. ಕೊನೆಯ ವೇಗಕ್ಕೆ ಅದರ ಹಂಗಿಲ್ಲ. ರಸ್ತೆಯಲ್ಲಿ ಓಡುವಾಗ ತಂಪಿದ್ದು ನಿಂತಾಗ ಹೋದರೆ ಮುಂದಿನ ಫ್ಯಾನು ನೋಡಿ.

ಈಗಿನ ಕೆಲವು ಕಾರುಗಳಲ್ಲಿ ಕ್ಲಚ್ಚೇ ಇಲ್ಲ, ಕಂಪ್ರೆಸರ್ ಸದಾ ತಿರುಗುತ್ತಿರುತ್ತದೆ. ಅಲ್ಲಿ 'ಟಕ್' ಕೇಳುವುದಿಲ್ಲ, ಸ್ಕ್ಯಾನರ್ ಇರುವಲ್ಲಿಗೇ ಒಯ್ಯಬೇಕು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ವಯರುಗಳಲ್ಲಿ ನೂರಾರು ವೋಲ್ಟ್ ಇರುವುದರಿಂದ ಅವನ್ನು ಮುಟ್ಟಲೇಬಾರದು. ಹಳದಿ ವಯರು ಏರ್ ಬ್ಯಾಗಿನದು, ಅದನ್ನೂ ಬಿಡಿ.

ಸಂಘದ ಕಚೇರಿಯಲ್ಲಿ ಒಂದು ಮಲ್ಟಿಮೀಟರು, ಒಂದು ಟೆಸ್ಟ್ ಲ್ಯಾಂಪು ಇಟ್ಟಿದ್ದೇವೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಹಾಕಿ ಎರಡು ದಿನದ ಮಟ್ಟಿಗೆ ಒಯ್ಯಬಹುದು.