ನಗರಸೇವಕರು ಮನೆಗೆ ಬಂದಾಗ

ಗಟಾರ ತುಂಬಿ ಹರಿದರೆ, ಬೀದಿದೀಪ ಕೆಟ್ಟರೆ, ನಲ್ಲಿಗೆ ನೀರು ಬಾರದಿದ್ದರೆ ಬೆಳಗಾವಿಯ ಹಿಂದವಾಡಿಯವರು ಮೊದಲು ನೆನೆಯುವುದು ಮಂತ್ರಿಯನ್ನಲ್ಲ, ತಮ್ಮ ವಾರ್ಡಿನ ನಗರಸೇವಕರನ್ನು. 'ಒಮ್ಮೆ ಬಂದು ನೋಡ್ರಿ' ಎಂಬ ಕರೆ ಹೋಗುತ್ತದೆ. ಅವರು ಬರುತ್ತಾರೆ, ಹಿತ್ತಲಿಗೂ ಹೋಗಿ ನೋಡುತ್ತಾರೆ, ಚಹಾ ಕುಡಿದು ಹೊರಡುತ್ತಾರೆ. ಹೀಗೆ ಬಂದು ಹೋಗುವವರ ಸುರಕ್ಷತೆಯ ಬಗ್ಗೆ ನಾವು ಎಂದಾದರೂ ಯೋಚಿಸಿದ್ದೇವೆಯೆ?

ಬೆಳಗಾವಿ ಮಹಾನಗರ ಪಾಲಿಕೆಯಲ್ಲಿ 58 ವಾರ್ಡುಗಳಿವೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತದ ಮೂರನೇ ಒಂದು ಭಾಗದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಕರ್ನಾಟಕದಲ್ಲಿ ಅದು ಅರ್ಧಕ್ಕೇರಿದೆ. 2023ರಲ್ಲಿ ಇಲ್ಲಿನ ಮೇಯರ್ ಶೋಭಾ ಸೋಮನಾಚೆ ಮತ್ತು ಉಪಮೇಯರ್ ರೇಷ್ಮಾ ಪಾಟೀಲ ಇಬ್ಬರೂ ಮಹಿಳೆಯರೇ. ವಾರ್ಡ್ ಸದಸ್ಯರಿಗೆ ಸಾಮಾನ್ಯವಾಗಿ ಅಂಗರಕ್ಷಕರಿರುವುದಿಲ್ಲ. ಅವರು ಯಾರದೋ ತಾಯಿ, ಯಾರದೋ ಕಾಕಾ. ಸ್ಕೂಟರ್ ಹತ್ತಿ ಒಬ್ಬರೇ ಹೊರಡುವವರು.

ಅಪಾಯ ಕಲ್ಪನೆಯದಲ್ಲ. ಪಕ್ಕದ ಧಾರವಾಡದಲ್ಲಿ 2016ರ ಜೂನ್ 15ರಂದು ಜಿಲ್ಲಾ ಪಂಚಾಯತ್ ಸದಸ್ಯ ಯೋಗೀಶಗೌಡ ಗೌಡರ ಅವರನ್ನು ಅವರ ಜಿಮ್‌ನಲ್ಲೇ ಕೊಲ್ಲಲಾಯಿತು. ಬೆಂಗಳೂರಿನ ಮಾಜಿ ಕಾರ್ಪೊರೇಟರ್ ರೇಖಾ ಕದಿರೇಶ್ 2021ರ ಜೂನ್ 24ರಂದು ಹಾಡಹಗಲೇ ತಮ್ಮ ಕಚೇರಿಯ ಬಳಿ ಹತ್ಯೆಯಾದರು. ಅದೇ ವರ್ಷದ ಅಕ್ಟೋಬರ್ 15ರಂದು ಬ್ರಿಟನ್ನಿನ ಸಂಸದ ಡೇವಿಡ್ ಏಮಸ್ ಕ್ಷೇತ್ರದ ಜನರನ್ನು ಭೇಟಿಯಾಗುತ್ತಿದ್ದಾಗ ಇರಿತಕ್ಕೆ ಬಲಿಯಾದರು. ಕೊಂದವನು ಭೇಟಿಗೆ ಮೊದಲೇ ಸಮಯ ಪಡೆದಿದ್ದ. ಈ ಮೂರೂ ನಡೆದದ್ದು ಅಪರಿಚಿತ ಮನೆಗಳಲ್ಲಲ್ಲ. ದಿನವೂ ಓಡಾಡುವ ಜಾಗದಲ್ಲೇ ಹೀಗಾದರೆ, ಗುರುತಿಲ್ಲದ ಮನೆಯೊಳಗೆ ಒಬ್ಬರೇ ಹೋಗುವಾಗ ಎಷ್ಟು ಎಚ್ಚರ ಬೇಕು!

ಎಚ್ಚರಕ್ಕೆ ಹಣ ಬೇಕಿಲ್ಲ, ರೂಢಿ ಬೇಕು. ಹೊರಡುವ ಮುನ್ನ ಯಾರ ಮನೆಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಬೇಕು. ಮೊದಲ ಸಲ ಹೋಗುವ ಮನೆಗೆ ಹಗಲಲ್ಲೇ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು. ಮಾತು ಪಡಸಾಲೆಯಲ್ಲೇ, ಬಾಗಿಲ ಸಮೀಪವೇ ಮುಗಿಯಲಿ. ಗಾಡಿ ರಸ್ತೆಯ ಕಡೆ ಮುಖ ಮಾಡಿ ನಿಂತಿರಲಿ, ಮೊಬೈಲ್ ಕೈಯಲ್ಲಿರಲಿ. ಎದುರಿನವರು ಕುಡಿದಿದ್ದರೆ ಅಥವಾ ಸಿಟ್ಟಿಗೆದ್ದಿದ್ದರೆ ವಾದ ಬೇಡ; 'ನಾಳೆ ಇಂಜಿನಿಯರರನ್ನು ಕರಕೊಂಡು ಬರ್ತೀನ್ರಿ' ಎಂದು ಹೊರಟು ಬಿಡಬೇಕು. ಬೆದರಿಕೆ ಬಂದರೆ ದಿನಾಂಕ ಸಮೇತ ಬರೆದಿಟ್ಟು ಪೊಲೀಸ್ ಠಾಣೆಗೆ ತಿಳಿಸಬೇಕು.

ವಿದ್ಯಾರ್ಥಿ ಮಿತ್ರರೇ, ಇದರಲ್ಲಿ ನಿಮ್ಮ ಪಾತ್ರವೂ ಇದೆ. ನಿಮ್ಮ ಮನೆಯಲ್ಲೇ ಜನಪ್ರತಿನಿಧಿ ಇದ್ದರೆ ಅವರು ಹೋದ ವಿಳಾಸವನ್ನು ಒಂದು ವಹಿಯಲ್ಲಿ ಬರೆದಿಡಿ. ಹೇಳಿದ ಹೊತ್ತಿಗೆ ಬಾರದಿದ್ದರೆ ಫೋನ್ ಮಾಡಿ. 'ನೀಲಿ ಫೈಲು ಎಲ್ಲೈತಿ?' ಎಂಬಂಥ ಗುಟ್ಟಿನ ಮಾತೊಂದನ್ನು ಗೊತ್ತು ಮಾಡಿಕೊಳ್ಳಿ. ಅದು ಕೇಳಿಸಿದೊಡನೆ ಹಿರಿಯರಿಗೆ ಹೇಳಿ, 112ಕ್ಕೆ ಕರೆ ಮಾಡಿ. ಸ್ವತಃ ಓಡಿ ಹೋಗಬೇಡಿ.

ಪಾಲಕರೇ, ನಗರಸೇವಕರನ್ನು ಮನೆಗೆ ಕರೆದಿದ್ದರೆ ನಾಯಿಯನ್ನು ಕಟ್ಟಿಹಾಕಿ, ಗೇಟಿನ ದೀಪ ಹಚ್ಚಿಡಿ. ನೆರೆಯವರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

'ಇಷ್ಟೆಲ್ಲ ಜಾಗ್ರತೆ ಎಂದರೆ ಜನರ ಮೇಲೆ ನಂಬಿಕೆ ಇಲ್ಲವೆಂದಲ್ಲವೆ?' ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಹೆದರಿದ ಸದಸ್ಯರು ಮನೆ ಮನೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಆಗ ತುಂಬಿದ ಗಟಾರ ಹಾಗೆಯೇ ಉಳಿಯುತ್ತದೆ. ಅವರು ನಾಳೆಯೂ ನಮ್ಮ ಬಾಗಿಲಿಗೆ ಬರಬೇಕಾದರೆ ಇಂದು ಸುರಕ್ಷಿತವಾಗಿ ಮನೆ ಸೇರಬೇಕು.